ನಾನು ಆರಿಸಿದ ಸ್ಪ್ರಿಂಗು

ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಅಪ್ಪ ಇಪ್ಪತ್ತೆರಡು ವರ್ಷ ಡ್ರೈವರ್ ಆಗಿದ್ದ. ಅಷ್ಟು ವರ್ಷದಲ್ಲಿ ಚಕ್ರದಡಿಗೆ ಒಂದು ಕೋಳಿಯೂ ಸಿಕ್ಕಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಅವನಿಗಿದ್ದ ಇನ್ನೊಂದು ಜಂಭ ನಾನು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ. ನಾನು ಎರಡು ಸಲ ಫೇಲಾಗಿ, ಹಾಸ್ಟೆಲಿನ ತಿಳಿಸಾರು ಕುಡಿದು, ಮೆಕ್ಯಾನಿಕಲ್ ಬಿ.ಇ. ಮುಗಿಸಿದೆ. ಅದು ನನಗೂ ಹೆಮ್ಮೆಯೇ, ಈಗಲೂ.

ಎಪ್ಪತ್ತರ ದಶಕದ ಕೊನೆ. ಕೆಲಸಕ್ಕೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದೆ. ಎಸ್ಟೇಟಿನ ಸಾಹುಕಾರರ ಕಿರಿಮಗನಿಗೆ ಆಗ ಗಾಡಿಯ ಹುಚ್ಚು. ಎರಡು ಗಾಡಿ ಅಕ್ಕಪಕ್ಕ ನಿಂತು, ಕಾಲು ಮೈಲಿಯ ನೇರ ದಾರಿಯನ್ನು ಯಾರು ಮೊದಲು ಮುಗಿಸುತ್ತಾರೆ ಎಂಬ ಪಂದ್ಯ ಮದ್ರಾಸಿನ ಕಡೆ ಒಂದು ಹಳೆಯ ವಿಮಾನಪಟ್ಟಿಯಲ್ಲಿ ನಡೆಯುತ್ತಿತ್ತು. ಅದಕ್ಕೆಂದು ಅವರು ಎಸ್ಟೇಟಿನ ಪಿಕಪ್ಪಿಗೆ ಫಾರಿನ್ ಕಾರೊಂದರ ಆರು ಸಿಲಿಂಡರಿನ ಇಂಜಿನ್ ಕೂರಿಸಿದ್ದರು. ವರ್ಷಕ್ಕೊಮ್ಮೆ ಓಡಬೇಕು, ಉಳಿದ ದಿನ ಅಪ್ಪನ ಕೈಯಲ್ಲಿ ಕಾಫಿ ಸಾಗಿಸಬೇಕು. ಆದರೆ ಆಕ್ಸಿಲರೇಟರ್ ಒತ್ತಿದೊಡನೆ ಹಿಂದಿನ ಚಕ್ರಗಳು ನೆಲ ಬಿಟ್ಟು ಕುಪ್ಪಳಿಸುತ್ತಿದ್ದವು. ಇಂಜಿನ್ನಿನ ಬಲಕ್ಕೆ ಚಕ್ರಗಳ ನಡುವಿನ ಆಕ್ಸಲ್ ತಿರುಚಿಕೊಂಡು, ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಹಳೆಯ ಬ್ಲೇಡ್ ಸ್ಪ್ರಿಂಗುಗಳು ಹಾವಿನಂತೆ ಬಳುಕುತ್ತಿದ್ದವು.

ನನ್ನನ್ನು ಬಂಗಲೆಗೆ ಕರೆಸಿದರು. ಚಿಕ್ಕಂದಿನಿಂದ "ಏನೋ" ಎನ್ನುತ್ತಿದ್ದ ಸಣ್ಣ ಸಾಹುಕಾರರು ಆ ದಿನ "ಬನ್ನಿ, ಕೂತ್ಕೊಳಿ" ಅಂದರು. ಕುರ್ಚಿ ತೋರಿಸಿದರು. ಅಪ್ಪ ಅಂಗಳದಲ್ಲಿ ನಿಂತು ನೋಡುತ್ತಿದ್ದ.

ಅಲ್ಲೇ ಮೂಡಿಗೆರೆಯ ಗ್ಯಾರೇಜಿನ ಸಾಬರೂ ಇದ್ದರು. ಅವರ ಮಾತು ಸರಳ.

"ಬ್ಲೇಡೇ ಇರ್ಲಿ ಇವ್ರೆ. ಆಕ್ಸಲ್ಲಿಂದ ಮೇಲಿನ ಚಾಸಿ ಫ್ರೇಮಿಗೆ ಒಂದೊಂದು ಕಬ್ಬಿಣದ ಪಟ್ಟಿ ಕೊಡ್ತೀನಿ, ತಿರುಚೋದು ನಿಲ್ತದೆ. ನಿಮ್ ಪಂದ್ಯ ಗೆಲ್ತದೋ ಇಲ್ವೋ ಗೊತ್ತಿಲ್ಲ, ಗಾಡಿ ಮಾತ್ರ ಮನೆಗೆ ಬರ್ತದೆ."

"ಇಂಜಿನಿಯರ್ ಏನಂತಾರೆ?" ಎಂದರು ಸಣ್ಣ ಸಾಹುಕಾರರು.

ಸಾಬರು ಹೇಳಿದ್ದನ್ನೇ ನಾನೂ ಹೇಳಿದ್ದರೆ ಕುರ್ಚಿ ಯಾಕೆ ಬೇಕಿತ್ತು? ಬ್ಲೇಡ್ ತೆಗೆದು ಸುರುಳಿಯ ಕಾಯಿಲ್ ಸ್ಪ್ರಿಂಗ್ ಹಾಕಬೇಕು, ಆಕ್ಸಲನ್ನು ನಾಲ್ಕು ಕಬ್ಬಿಣದ ತೋಳುಗಳಿಂದ ಹಿಡಿಸಬೇಕು, ಸ್ಪ್ರಿಂಗ್ ಮೆತ್ತಗಿದ್ದಷ್ಟೂ ಹೊರಡುವಾಗ ಭಾರ ಹಿಂದಿನ ಚಕ್ರದ ಮೇಲೆ ಕೂರುತ್ತದೆ ಎಂದೆ. ಓದಿದ್ದೆಲ್ಲ ನಿಜವೇ.

"ಲೋಡ್ ತಡೀತದಾ?" ಎಂದು ಸಣ್ಣ ಸಾಹುಕಾರರು ಕೇಳಿದರು.

"ಎಷ್ಟು ಚೀಲ ಹಾಕ್ತೀರಿ ಹೇಳಿ, ಅಷ್ಟಕ್ಕೆ ಲೆಕ್ಕ ಮಾಡ್ತೀನಿ."

ಸಾಬರು ನಕ್ಕರು. "ಸರಿ ಮಾರಾಯ್ರೆ. ನಾವು ಸ್ಪ್ಯಾನರ್ ಹಿಡಿದವ್ರು, ನೀವು ಪೆನ್ನು ಹಿಡಿದವ್ರು." ಅವರು ಹೊರಗೆ ಹೋದ ಮೇಲೆ ಅಪ್ಪ ಬೀಡಿ ಕೊಡುತ್ತಾ, "ನನ್ ಮಗ ಸಾಬ್ರೆ!" ಅನ್ನುತ್ತಿದ್ದದ್ದು ಒಳಗೇ ಕೇಳಿಸಿತು.

ನಾನು ಹೇಳಿದಂತೆಯೇ ಕಾಯಿಲ್ ಕೂರಿಸಿದರು. ಮದ್ರಾಸಿನಲ್ಲಿ ಚಕ್ರ ಕುಪ್ಪಳಿಸಲಿಲ್ಲ. ಪಿಕಪ್ಪು ಹಿಂಬದಿ ತಗ್ಗಿಸಿಕೊಂಡು ಬಾಣದಂತೆ ಹೋಯಿತು. ಎರಡನೇ ಸ್ಥಾನ ಬಂತು. ಸಣ್ಣ ಸಾಹುಕಾರರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಆಮೇಲೆ ಕಾಫಿ ಕುಯ್ಲು ಶುರುವಾಯಿತು. ಹಗಲು ಚೀಲ ಹೊತ್ತ ಗಾಡಿಯಲ್ಲೇ ಸಂಜೆ ಹೆಣ್ಣಾಳುಗಳನ್ನು ಅವರಿರುವ ದೂರದ ಸಾಲುಮನೆಗಳಿಗೆ, ಅಂದರೆ ಲೈನ್ ಮನೆಗಳಿಗೆ, ಬಿಡುವುದು ಅಲ್ಲಿಯ ವಾಡಿಕೆ. ಇಪ್ಪತ್ತು ಜನ, ಒಬ್ಬರನ್ನೊಬ್ಬರು ಹಿಡಿದು ನಿಂತೇ ಹೋಗಬೇಕು. ಒಂದು ಸಂಜೆ ಕಳಸದ ರಸ್ತೆಯ ತಿರುವಿನಲ್ಲಿ ಅಪ್ಪ ಓಡಿಸುತ್ತಿದ್ದ ಗಾಡಿ ವಾಲಿತು. ನಿಂತಿದ್ದವರೆಲ್ಲ ಒಂದೇ ಬದಿಗೆ ಜರುಗಿದರು, ಗಾಡಿ ಇನ್ನೂ ವಾಲಿ ರಸ್ತೆ ಬದಿಯ ಧರೆಗೆ ಮಗುಚಿಕೊಂಡಿತು. ಯಾರೂ ಸಾಯಲಿಲ್ಲ. ಒಬ್ಬಳ ತೊಡೆ ಮುರಿಯಿತು. ಇನ್ನೊಬ್ಬಳ ಭುಜದ ಮೂಳೆ.

ನಾನು ಓಡಿ ಹೋದಾಗ ಅಪ್ಪ ರಸ್ತೆಯ ಮೇಲೆ ಕೂತು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ. ಗಾಡಿ ಎಳೆಯಲು ಚೈನು ತಂದ ಸಾಬರು ಬಗ್ಗಿ ಹಿಂದಿನ ಆಕ್ಸಲ್ ನೋಡಿದರು. ಅಪ್ಪನಿಗೆ ಕೇಳಿಸದ ಹಾಗೆ ನನ್ನ ಹತ್ತಿರ ಬಂದು ಹೇಳಿದರು:

"ಚೀಲ ಮಲಗಿರ್ತದೆ ಮಾರಾಯ್ರೆ. ಜನ ನಿಂತಿರ್ತಾರೆ."

ಅಷ್ಟು ಸಾಕಾಯಿತು. ಬ್ಲೇಡುಗಳು ಚಾಸಿಯ ಹೊರಗೆ, ಅಗಲಕ್ಕೆ ಕೂತಿದ್ದವು. ನನ್ನ ಮೆತ್ತನೆಯ ಕಾಯಿಲ್‌ಗಳು ಒಳಗೆ, ಹತ್ತಿರ ಹತ್ತಿರ. ಮೇಲೆ ಎತ್ತರದ ಭಾರ ಬಂದರೆ ವಾಲುವುದನ್ನು ತಡೆಯುವುದಕ್ಕೆ ಏನೂ ಇರಲಿಲ್ಲ. ನಾನು ಚೀಲ ಎಣಿಸಿದ್ದೆ. ಅದೇ ಎಸ್ಟೇಟಿನ ಆಳಾಗಿದ್ದ ಅವ್ವ ಎಷ್ಟು ವರ್ಷ ಅದೇ ಹಿಂಬದಿಯಲ್ಲಿ ನಿಂತು ಮನೆಗೆ ಬಂದಿದ್ದಳು, ಅದು ಆಗ ನನಗೆ ನೆನಪಾಗಿರಲಿಲ್ಲ.

ದೊಡ್ಡ ಸಾಹುಕಾರರು ಅಪ್ಪನನ್ನು ಕರೆಸಿ, "ದೊಡ್ಡ ಇಂಜಿನ್ ಸಿಕ್ತು ಅಂತ ಈ ವಯಸ್ಸಲ್ಲಿ ಹುಮ್ಮಸ್ಸು ಬಂತಾ?" ಎಂದರು.

"ನನ್ ಕೈ ತಪ್ತು ಅಯ್ಯಾ," ಅಂದ ಅಪ್ಪ.

ಮರುದಿನ ನಾನು ಸಣ್ಣ ಸಾಹುಕಾರರಿಗೆ ತಪ್ಪು ನನ್ನದೆಂದು ಹೇಳಿದೆ. ಅವರಿಗೆ ಬೇಸರವಾಯಿತು. "ಸುಮ್ನಿರಿ, ಮದ್ರಾಸಲ್ಲಿ ಎಷ್ಟು ಚೆನ್ನಾಗಿ ಹೋಗಿತ್ತು! ನಿಮ್ಮಪ್ಪಂಗೆ ವಯಸ್ಸಾಯ್ತು ಅಷ್ಟೆ. ಅವ್ರೇ ಒಪ್ಕೊಂಡ ಮೇಲೆ ನಿಮ್ದೇನು?" ಅಪ್ಪನನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕೆಲಸಕ್ಕೆ ಹಾಕಿದರು. ಪಿಕಪ್ಪಿಗೆ ಸಾಬರು ಮತ್ತೆ ಬ್ಲೇಡ್ ಹಾಕಿ, ಪಟ್ಟಿ ಕೊಟ್ಟರು. ಹೊಸ ಡ್ರೈವರ್ ಬಂದ.

ಅಪ್ಪ ನನಗಾಗಿ ಸುಳ್ಳು ಹೇಳಿದನೆಂದೇ ನಾನು ತಿಳಿದಿದ್ದೆ. ಒಂದು ಭಾನುವಾರ ಜಗಲಿಯಲ್ಲಿ ಅವನ ಮುಂದೆ ಕೂತು, ಎರಡು ಬೆರಳಿನ ಮೇಲೆ ಬೆಂಕಿಪೆಟ್ಟಿಗೆ ನಿಲ್ಲಿಸಿ ತೋರಿಸಿದೆ. ಬೆರಳು ಅಗಲವಿದ್ದರೆ ಹೀಗೆ ನಿಲ್ಲುತ್ತದೆ, ಹತ್ತಿರವಿದ್ದರೆ ಹೀಗೆ ಬೀಳುತ್ತದೆ ಎಂದೆ. ಅಪ್ಪ ಗಮನವಿಟ್ಟು ನೋಡಿದ.

"ಅಂದ್ರೆ ನಿನ್ ಲೆಕ್ಕ ತಪ್ಪು ಅಂತೀಯ?"

"ಹೂಂ ಅಪ್ಪ. ನಿನ್ ಕೈ ತಪ್ಪಿಲ್ಲ."

ನನ್ನ ತೊಡೆ ತಟ್ಟಿ ಅಂದ: "ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತೀಯ. ಅಷ್ಟು ಓದಿದೋನ ಲೆಕ್ಕ ತಪ್ತದೇನೋ ಮಗಾ? ನನ್ ಕೈಯೇ."

ಆಗಲೇ ನನಗೆ ಗೊತ್ತಾದದ್ದು, ಅವನು ಸುಳ್ಳು ಹೇಳಿರಲಿಲ್ಲ. ನಂಬಿದ್ದ.

ನನಗೆ ಕೆಲಸ ಸಿಕ್ಕಿ, ಮದುವೆಯಾಗಿ ಮಕ್ಕಳಾಗಿ, ಎಂಬತ್ತರ ದಶಕದ ನಡುವೆ ಸೆಕೆಂಡ್ ಹ್ಯಾಂಡ್ ಕಾರು ತಂದೆ. ಮನೆಯ ಮುಂದೆ ನಿಲ್ಲಿಸಿ ಅಪ್ಪನಿಗೆ ಕೀಲಿ ಕೊಡಲು ಹೋದೆ. "ಬೇಡ, ಮಗು ಮರಿ ಕೂತಿದಾವೆ," ಎಂದು ಹಿಂದಿನ ಸೀಟಿಗೆ ಹೋಗಿ ಕೂತ. ಆಲ್ದೂರಿನ ಕಡೆ ಹೊರಟೆವು. ತಿರುವು ಬಂದಾಗಲೆಲ್ಲ ಕನ್ನಡಿಯಲ್ಲಿ ಕಾಣುತ್ತಿತ್ತು, ಅಲ್ಲಿಲ್ಲದ ಬ್ರೇಕನ್ನು ಅವನ ಬಲಗಾಲು ಒತ್ತುವಾಗ ಭುಜ ಅಲುಗುತ್ತಿದ್ದದ್ದು.