ಬಲಗಡೆಯ ಕುರ್ಚಿ

ನನ್ನ ಮೊದಲ ವಿಮರ್ಶೆಯಲ್ಲಿ ಒಂದು ದೋಷವನ್ನು ಮುಚ್ಚಿಟ್ಟೆ. ಮರೆತದ್ದಲ್ಲ — ಗೊತ್ತಿದ್ದೂ ಬಿಟ್ಟದ್ದು. ಬರೆದಿದ್ದರೆ, ಗೆಳತಿಗೆ ನಾನು ಮಾಡಿದ ಮೋಸ ಅವಳ ಕಣ್ಣಿಗೆ ಬೀಳುತ್ತಿತ್ತು.

ಆರು ವರ್ಷಗಳಿಂದ ಈ ಪುಟದಲ್ಲಿ ವಿಡಿಯೊ ಗೇಮ್‌ಗಳ ಬಗ್ಗೆ ಬರೆಯುತ್ತಿದ್ದೇನೆ. 'ಮೇಡಂ, ನೀವು ಮುಲಾಜಿಲ್ಲದೆ ಬರೀತೀರಿ' ಎಂದು ನಿಮ್ಮಲ್ಲಿ ಕೆಲವರು ಆ ಮೊದಲ ಬರಹವನ್ನು ಇಂದಿಗೂ ನೆನೆಯುತ್ತೀರಿ. ಓದಿದಾಗಲೆಲ್ಲ ಅಂಜುತ್ತೇನೆ — ಯಾರಿಗಾದರೂ ಗೊತ್ತಾಯಿತೇ? ಇಂದೇ ಯಾರಾದರೂ ಕೇಳಿಬಿಟ್ಟರೆ?

ಅದು ಜಪಾನಿನ ಅನಿಮೆ, ಅಂದರೆ ಕಾರ್ಟೂನ್, ಸರಣಿಯೊಂದರ ಮೇಲೆ ಮಾಡಿದ ಹೊಡೆದಾಟದ ಆಟ. ಅದರ ಗುಣಗಳನ್ನು ಮನಸಾರೆ ಹೊಗಳಿದ್ದೆ. ಸರಣಿಯ ಚಿತ್ರಗಳೇ ಎದ್ದು ಬಂದಂತಹ ಬಣ್ಣ, ಒಬ್ಬೊಬ್ಬ ಯೋಧನಿಗೂ ಅವನದೇ ನಡಿಗೆ, ಹೊಸಬರೂ ಒಂದೇ ಗುಂಡಿ ಒತ್ತಿ ದೊಡ್ಡ ಪೆಟ್ಟು ಕೊಡಬಹುದಾದ ಸರಳತೆ. ದೋಷಗಳನ್ನೂ ಬರೆದಿದ್ದೆ: ಕಥೆಯ ಭಾಗವೆಂದರೆ ಹಳೆಯ ದೃಶ್ಯಗಳ ನಿಂತ ಚಿತ್ರಗಳು, ಅಖಾಡಗಳು ಬೆರಳೆಣಿಕೆಯಷ್ಟು, ಆನ್‌ಲೈನಿನಲ್ಲಿ ಆಡಲು ಕೂತರೆ ಅರ್ಧಕ್ಕೇ ಸಂಪರ್ಕ ಕಡಿಯುವುದು. ಎಲ್ಲವೂ ನಿಜ. ಅಷ್ಟೆಲ್ಲ ನಿಜದ ನಡುವೆ ಒಂದು ಸುಳ್ಳು ಎಷ್ಟು ಚೆನ್ನಾಗಿ ಅಡಗಿತ್ತು!

ಗೆಳತಿಯನ್ನು ಶಿವಲೀಲಾ ಎನ್ನುತ್ತೇನೆ. ನಿಜವಾದ ಹೆಸರು ಬೇರೆ. ಅಬಲೂರಿನವಳು. ಶಿಗ್ಗಾಂವದಲ್ಲಿ ಚಿಗವ್ವನ ಮನೆಯಲ್ಲಿದ್ದುಕೊಂಡು ನನ್ನ ಜೊತೆ ಪಿಯುಸಿ ಓದುತ್ತಿದ್ದಳು. ಸಣ್ಣವಳಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಹೆಬ್ಬೆರಳು ಸಿಕ್ಕಿತ್ತು. ಬೆರಳು ಉಳಿದರೂ ಪೂರ್ತಿ ಮಡಚುತ್ತಿರಲಿಲ್ಲ. ಅವಳಿಗೆ ನರ್ಸಿಂಗ್ ಸೇರುವ ಆಸೆ. 'ಈ ಬೆರಳಿಟ್ಕೊಂಡು ಸೂಜಿ ಹೆಂಗ ಹಿಡೀಲಿ?' ಎಂಬ ಅಂಜಿಕೆಯೂ ಅಷ್ಟೇ.

ನಮ್ಮ ಮನೆಗೆ ಬಂದು ಆಟ ಕಲಿತಳು. ಕಲಿಸಿದವಳು ನಾನೇ. ಆರು ತಿಂಗಳಲ್ಲಿ ನನ್ನನ್ನೇ ಸೋಲಿಸತೊಡಗಿದಳು — ಅದೇ ಹೆಬ್ಬೆರಳಿನಿಂದ, ಎದುರಾಳಿಯ ಪೆಟ್ಟು ತಡೆಯುವ ಗುಂಡಿಯನ್ನು ಸರಿಯಾದ ಕ್ಷಣಕ್ಕೆ ಒತ್ತಿ. ಒಂದು ದಿನ ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದು ನಕ್ಕಳು. 'ನೋಡಲೇ, ಇದು ನಡೀತದ! ನಾ ನರ್ಸಿಂಗ್ ಫಾರ್ಮ್ ತುಂಬತೇನಿ.' ನಾನೂ ನಕ್ಕೆ. ಒಳಗೆ ಮಾತ್ರ ಏನೋ ಉರಿಯಿತು. ಆಟ ನನ್ನದು, ಕಲಿಸಿದ್ದು ನಾನು, ಗೆಲ್ಲುವವಳು ಅವಳು...

ಹಾನಗಲ್ಲಿನ ಕಾಲೇಜೊಂದರಲ್ಲಿ ಈ ಆಟದ ಸ್ಪರ್ಧೆ ಇತ್ತು; ಇಬ್ಬರೂ ಹೆಸರು ಕೊಟ್ಟಿದ್ದೆವು. ಅದರ ಹಿಂದಿನ ವಾರ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ವಿಮರ್ಶೆಗಾಗಿ ಒಬ್ಬಳೇ ಕೂತು ಪರೀಕ್ಷಿಸುವಾಗ ವಿಚಿತ್ರವೊಂದು ಕಂಡಿತು. ಎರಡನೆಯ ಆಟಗಾರರಾಗಿ, ಅಂದರೆ ಬಲಗಡೆ ಆಡುವವರಿಗೆ, ತಡೆ ಒಂದು ಚೂರು ತಡವಾಗಿ ಬೀಳುತ್ತಿತ್ತು. ಕಂಟ್ರೋಲರ್‌ಗಳನ್ನು ಅದಲುಬದಲು ಮಾಡಿದೆ. ಬೆರಳು, ಪರದೆ ಎರಡೂ ಕಾಣುವಂತೆ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದೆ. ಸಂಶಯವೇ ಇರಲಿಲ್ಲ. ತಪ್ಪು ಆಟದ್ದು.

ಯಾರಿಗೂ ಹೇಳಲಿಲ್ಲ.

ಮೊದಲ ಸುತ್ತುಗಳಲ್ಲಿ ಶಿವಲೀಲಾಗೆ ಎಡಗಡೆಯೇ ಸಿಕ್ಕಿತು. ಸವಣೂರಿನಿಂದ ಬಂದಿದ್ದ ಇಬ್ಬರನ್ನು ಆಡಾಡುತ್ತ ಸೋಲಿಸಿದಳು. ಕೊನೆಗೆ ಉಳಿದವರು ನಾವಿಬ್ಬರೇ. 'ಯಾರು ಯಾವ ಕಡೆ ಕೂಡ್ತೀರಿ?' ಎಂದು ನಡೆಸುವವರು ಕೇಳಿದರು.

'ನೀನ ಆರಿಸು ಲೇ,' ಎಂದಳು ಶಿವಲೀಲಾ.

ಈಗಲೂ ಹೇಳಬಹುದು, ಈಗಲೂ... ಎಂದುಕೊಳ್ಳುತ್ತಲೇ ಎಡಗಡೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಅವಳ ತಡೆಗಳೆಲ್ಲ ತಪ್ಪಿದವು. ಒಂದೊಂದು ಪೆಟ್ಟು ಬಿದ್ದಾಗಲೂ ಅವಳು ನೋಡಿದ್ದು ಪರದೆಯನ್ನಲ್ಲ, ತನ್ನ ಹೆಬ್ಬೆರಳನ್ನು. ಹಿಂದಿನಿಂದ ಯಾರೋ 'ಕೈ ಸರಿ ಇಲ್ಲ ಆಕಿದು' ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು.

ವಾಪಸು ಬರುವ ಬಸ್ಸಿನಲ್ಲಿ ಅವಳು ನನ್ನತ್ತ ತಿರುಗಿದಳು. 'ಖರೆ ಹೇಳು ಗೌರಿ. ನನ್ನ ಬೆರಳು ತಡಾ ಆತೇನು?'

ಗೆದ್ದದ್ದು ಸಣ್ಣತನ. ಆದರೆ ನನ್ನ ನಿಜವಾದ ಅಪರಾಧ ಈ ಪ್ರಶ್ನೆಯ ನಂತರದ್ದು. ಆಗ ಒಂದೇ ಮಾತು ಸಾಕಿತ್ತು. ನಾನು ಅಂದದ್ದು:

'ಹೂಂ... ಸ್ವಲ್ಪ ತಡಾ ಆತು.'

ಅವಳು ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

ಎರಡು ದಿನ ಬಿಟ್ಟು ವಿಮರ್ಶೆ ಹಾಕಿದೆ. ಶಿವಲೀಲಾ ಫಾರ್ಮ್ ತುಂಬಲಿಲ್ಲ. ಚಿಗವ್ವ ಎಷ್ಟು ಹೇಳಿದರೂ 'ಬ್ಯಾಡ. ನನ್ನ ಕೈಯಿಂದ ಯಾರಿಗರೆ ಏನರೆ ಆದ್ರ?' ಎಂದಳಂತೆ. ಪರೀಕ್ಷೆ ಮುಗಿಸಿ ಊರಿಗೆ ಹೋದಳು. ಮುಂದಿನ ಅಪ್‌ಡೇಟಿನಲ್ಲಿ ಆಟ ಮಾಡಿದವರು ಆ ದೋಷವನ್ನು ಸರಿಪಡಿಸಿ, ಹಾಗೆಂದು ಬದಲಾವಣೆಗಳ ಪಟ್ಟಿಯಲ್ಲೂ ಬರೆದರು. ಶಿವಲೀಲಾ ಅದನ್ನು ಓದಿಬಿಟ್ಟರೆ ಎಂದು ಎಷ್ಟೋ ದಿನ ಫೋನ್ ರಿಂಗಣಿಸಿದಾಗಲೆಲ್ಲ ಬೆಚ್ಚಿದೆ. ಅವಳ ಕರೆ ಬರಲಿಲ್ಲ. ಅವಳು ಆಟವನ್ನೇ ಬಿಟ್ಟಿದ್ದಳು.

ಕಳೆದ ತಿಂಗಳು ಚಿಕ್ಕೇರೂರಿಗೆ ಹೋದೆ. ಅಲ್ಲಿನ ಔಷಧಿ ಅಂಗಡಿಯೊಂದರಲ್ಲಿ ಅವಳು ಕೆಲಸ ಮಾಡುತ್ತಾಳೆ. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ನನ್ನನ್ನು ನೋಡಿ ಮುಖವರಳಿಸಿ ಸ್ಟೂಲು ಎಳೆದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಆ ಹಳೆಯ ವಿಡಿಯೊವನ್ನೂ ತೋರಿಸಿದೆ. ಅವಳು ಎರಡು ಸಲ ನೋಡಿದಳು.

'ಈ ವಿಡಿಯೊ ನಿನ್ನ ಹತ್ರ ಆವಾಗಿಂದ ಇತ್ತಾ?'

'ಇತ್ತು.'

ಅಷ್ಟರಲ್ಲಿ ವಯಸ್ಸಾದವರೊಬ್ಬರು ಚೀಟಿ, ಸೂಜಿ, ಔಷಧಿ ಹಿಡಿದು ಬಂದರು. 'ತಂಗಿ, ಇದೊಂದು ನೀನ ಚುಚ್ಚಿಬಿಡವಾ. ದವಾಖಾನಿ ತನಕ ನಡಿಯಾಕ ಆಗೂದಿಲ್ಲ.'

'ನಾ ನರ್ಸ್ ಅಲ್ರಿ ಅಜ್ಜಾರ,' ಎಂದಳು ಶಿವಲೀಲಾ. ಅವರು ಹೋಗುವವರೆಗೂ ಅವರ ಬೆನ್ನನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡದೆ ಫೋನು ಮರಳಿ ಕೊಟ್ಟಳು. 'ನೀ ಹೋಗು ಇನ್ನ. ನಿನ್ನ ಬಸ್ಸಿನ ಹೊತ್ತಾತು.'

ಬೈದಿದ್ದರೆ — ಇಲ್ಲ, ಬೈಗುಳ ಕೇಳಿ ಹಗುರಾಗುವ ಹಕ್ಕೂ ನನಗಿರಲಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನು ಅವಳಾಗಿ ಕರೆಯುವವರೆಗೆ ಮಾಡುವುದಿಲ್ಲ.

ಹಳೆಯ ವಿಮರ್ಶೆಗೆ ಬಿಟ್ಟ ದೋಷವನ್ನು ಇಂದು ಸೇರಿಸಿದ್ದೇನೆ; ಯಾಕೆ ಬಿಟ್ಟೆ ಎಂಬುದನ್ನೂ. ನಿಮ್ಮಲ್ಲಿ ಒಂದು ಕೋರಿಕೆ. ಆಗ ನಾನು ಸಣ್ಣವಳಿದ್ದೆ, ಅದು ಬರೀ ಆಟವಾಗಿತ್ತು ಎಂದು ಕೆಳಗೆ ಕಾಮೆಂಟು ಬರೆಯಬೇಡಿ. ಅವಳಿಗೂ ಆಗ ನನ್ನಷ್ಟೇ ವಯಸ್ಸು.