ಕಡಲೆಯ ಗಂಟು

ಚಳಿಗಾಲದಲ್ಲಿ ಬೋರಾಮಣಿಯ ನಮ್ಮ ಹೊಲಕ್ಕೆ ಇಳಿಯುವ ಹೆಬ್ಬಾತುಗಳು ಮರಿ ಮಾಡುವ ಜಾಗವನ್ನು ಕಣ್ಣಾರೆ ನೋಡಬೇಕೆಂದು ಚಿಕ್ಕಪ್ಪ ಲಡಾಖಿಗೆ ಹೊರಟಿದ್ದ. ಸೊಲ್ಲಾಪುರದ ನವಿ ಪೇಠೆಯಲ್ಲಿ ಕೊಂಡ ಉಣ್ಣೆಯ ಕೋಟು, ಹಳೆಯ ದುರ್ಬೀನು ಟ್ರಂಕು ಸೇರಿದವು. ಉತ್ತರಕ್ಕೆ ಹೋಗುವವರೆಲ್ಲ ಕಾಶಿಗೇ ಹೋಗುತ್ತಾರೆಂದು ತಿಳಿದ ಊರವರು ಗಂಗಾಜಲ ತರಲು ತಂಬಿಗೆಗಳನ್ನು ತಂದುಕೊಟ್ಟರು. ಚಿಕ್ಕಪ್ಪ ಸಿಡಿಮಿಡಿಗೊಂಡ, ನನಗೂ ಆ ಪೆದ್ದುತನಕ್ಕೆ ರೇಗಿತ್ತು.

ಅಜ್ಜಿಗೆ ಮಾತ್ರ ಅವನು ಎಲ್ಲಿಗೆ ಹೊರಟಿದ್ದಾನೆಂದು ಚೆನ್ನಾಗಿ ಗೊತ್ತಿತ್ತು. ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯ ಪಕ್ಕ ಅವಳು ಕಡಲೆಯ ಗಂಟೊಂದನ್ನು ಇಟ್ಟಳು. ವರ್ಷವರ್ಷವೂ ಕವಣೆ ಬೀಸಿ, ಬೈದು, ಆ ಹಕ್ಕಿಗಳನ್ನು ಕಡಲೆ ಹೊಲದಿಂದ ಅಟ್ಟುತ್ತಿದ್ದವಳು ಇವಳೇ!

“ಇದು ಯಾರಿಗವ್ವಾ?” ಎಂದ ಚಿಕ್ಕಪ್ಪ.

“ಆ ಹಕ್ಕಿಗೋಳಿಗಿ. ನಮ್ಮ ಹೊಲಕ್ಕ ಬಂದಾಗ ಹೊಡದೀನಿ, ಖರೇ. ಈಗ ನೀ ಅವುರ ಮನಿಗಿ ಹೊಂಟೀದಿ. ಬರಿಗೈಲೆ ಹೋಗ್ತಾರೇನು?”