ಹೇಳಿ ಹೋಗುವ ಮಾತು

ನಮ್ಮ ಜಯನಗರದ ಮನೆಗೆ ಬಂದ ನೆಂಟರು ಹೊರಟರು ಎಂದರೆ ನಂಬಬೇಡಿ. ಸೋಫಾದಿಂದ ಏಳುವಾಗ ಒಮ್ಮೆ ‘ಬರ್ತೀವಿ’ ಎನ್ನುತ್ತಾರೆ, ಚಪ್ಪಲಿ ಮೆಟ್ಟುವಾಗ ಇನ್ನೊಮ್ಮೆ. ನಿಜವಾದ ಮಾತು ಶುರುವಾಗುವುದು ಗೇಟಿನ ಹತ್ತಿರ. ನಾನೂ ಕಡಿಮೆಯವನಲ್ಲ. ಯಾರದೇ ಮನೆಗೆ ಹೋದರೂ ನಾನು ‘ಬರ್ತೀನಿ’ ಅಂದ ಮೇಲೂ ಇನ್ನೊಂದು ಕಾಫಿಗೆ ಸಮಯವಿದೆ ಎಂದು ನನ್ನ ಹೆಂಡತಿ ಕುಳಿತೇ ಇರುತ್ತಾಳೆ.

ನಾವು ‘ಹೋಗ್ತೀನಿ’ ಅನ್ನುವವರಲ್ಲ. ಕರಿಬೇವು ತರಲು ಮೂಲೆಯಂಗಡಿಗೆ ಹೊರಟವನೂ ‘ಹೋಗಿಬರ್ತೀನಿ’ ಅನ್ನಬೇಕು. ತಪ್ಪಿದರೆ ನಮ್ಮಜ್ಜಿ ಗದರುತ್ತಿದ್ದರು. ಈ ಮಾತಿಗೆ ರಜೆ ಇರುವುದು ಸಾವಿನ ಮನೆಯಲ್ಲಿ ಮಾತ್ರ. ಅಲ್ಲಿಂದ ಯಾರಿಗೂ ಹೇಳದೆ ಎದ್ದು ಬರಬೇಕು. ಅಂಥ ಕಾರಣಕ್ಕೆ ಆ ಮನೆಗೆ ಮತ್ತೆ ಹೋಗುವಂತಾಗಬಾರದು ಎಂಬ ಎಚ್ಚರ.

ನಿವೃತ್ತನಾದ ಮೇಲೆ ಮನೆಯಲ್ಲಿ ಕುಳಿತು ಹೆಂಡತಿಗೆ ಅಡುಗೆ ಕಲಿಸತೊಡಗಿದ್ದೆ. ತಡೆಯಲಾರದೆ ಅವಳೇ ನನ್ನನ್ನು ಒಂದು ಸೇವಾತಂಡಕ್ಕೆ ಸೇರಿಸಿದಳು. ಗೊಟ್ಟಿಗೆರೆ ದಾಟಿ, ಬನ್ನೇರುಘಟ್ಟದ ಆಚೆಯ ಹಳ್ಳಿಗಳಲ್ಲಿ, ‘ಇನ್ನೇನೂ ಮಾಡಲಾಗದು’ ಎಂದು ಆಸ್ಪತ್ರೆಯಿಂದ ಕಳಿಸಿದ ರೋಗಿಗಳ ಮನೆಗೆ ಶನಿವಾರ ಹೋಗುವ ತಂಡ. ನರ್ಸ್ ಗಾಯ ತೊಳೆದು ನೋವಿನ ಮಾತ್ರೆ ಕೊಡುತ್ತಾರೆ. ನನ್ನದು ಪಕ್ಕದಲ್ಲಿ ಕೂತು ಮಾತಾಡುವ ಕೆಲಸ. ಹಳ್ಳಿಯನ್ನು ಉದ್ಧಾರ ಮಾಡಲು ಹೊರಟವನಂತೆ ಹೊಸ ಬೂಟು ಕೊಂಡಿದ್ದೆ. ಅದನ್ನು ಮನೆ ಮನೆಯ ಬಾಗಿಲಲ್ಲಿ ಬಿಚ್ಚಿ ಕಟ್ಟುವುದೇ ದೊಡ್ಡ ಸೇವೆಯಾಯಿತು.

ಸಿದ್ದರಾಜು ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ನನ್ನ ತಮ್ಮನ ವಯಸ್ಸಿನವನು. ಬಾಯಿಯ ಕ್ಯಾನ್ಸರ್ ಅರ್ಧ ಕೆನ್ನೆಯನ್ನು ತಿಂದಿತ್ತು. ವಾಸನೆಗೆಂದು ಅವನ ಹೆಂಡತಿ ರತ್ನಮ್ಮ ಮೂಲೆಯಲ್ಲಿ ಊದುಬತ್ತಿ ಹಚ್ಚಿಟ್ಟಿದ್ದರು. ಮೊದಲ ದಿನ ನರ್ಸ್ ಕೆಲಸ ಮುಗಿಸುವವರೆಗೂ ನಾನು ಆ ಊದುಬತ್ತಿಯನ್ನೇ ನೋಡುತ್ತ ಕೂತಿದ್ದೆ. ಸುಳ್ಳು ಭರವಸೆ ಕೊಡಬೇಡಿ ಎಂದು ತರಬೇತಿಯಲ್ಲಿ ಬೇರೆ ಹೇಳಿದ್ದರು. ‘ಬರ್ತೀನಿ’ ಅನ್ನುವುದೂ ಒಂದು ಭರವಸೆಯಲ್ಲವೇ? ಮುಂದಿನ ವಾರ ಇವನು ಇರುತ್ತಾನೋ ಇಲ್ಲವೋ ಎಂದುಕೊಂಡು ಸುಮ್ಮನೆ ಎದ್ದು ಬಂದೆ.

ಬೂಟಿನ ದಾರ ಕಟ್ಟುತ್ತಿರುವಾಗ ರತ್ನಮ್ಮ ಹೊರಗೆ ಬಂದರು. ‘ಒಳಕ್ಕೆ ಕರೀತವ್ರೆ ಸಾ.’

ಸಿದ್ದರಾಜು ಬಾಯಿಗೆ ಬಟ್ಟೆ ಒತ್ತಿಕೊಂಡು ಒಂದೊಂದೇ ಮಾತು ಹೊರಡಿಸಿದ. ‘ನೆಂಟ್ರು ಬತ್ತಾರೆ, ನೋಡ್ತಾರೆ, ಹೇಳ್ದೇನೇ ಎದ್ದೋಯ್ತಾರೆ. ನಾನಿನ್ನೂ ಇವ್ನಿ ಸಾ. ಹೇಳಿ ಹೋಗಿ.’

ಉಸಿರಾಡುತ್ತಿರುವ ಮನುಷ್ಯನ ಮನೆಯನ್ನು ನಾವೆಲ್ಲ ಸೇರಿ ಸಾವಿನ ಮನೆ ಮಾಡಿಬಿಟ್ಟಿದ್ದೆವು. ‘ಹೋಗಿಬರ್ತೀನಿ ಸಿದ್ದರಾಜು’ ಎಂದೆ. ಅಂದ ಮೇಲೆ ಹೋಗಲೇಬೇಕಾಯಿತು.

ಮಳೆಯಿರಲಿ, ನೆಂಟರ ಮದುವೆಯಿರಲಿ, ಶನಿವಾರ ಅಲ್ಲಿರುತ್ತಿದ್ದೆ. ಜಯನಗರದ ಫೋರ್ತ್ ಬ್ಲಾಕಿನಲ್ಲಿ ಕಾರು ನಿಲ್ಲಿಸಲು ನಾನು ಪಡುವ ಪಾಡನ್ನು ಕೇಳುವುದೆಂದರೆ ಅವನಿಗೆ ಇಷ್ಟ. ನಕ್ಕರೆ ನೋಯುತ್ತಿತ್ತು, ಆದರೂ ನಗುತ್ತಿದ್ದ. ಹೊರಡುವಾಗ ಹಾಸಿಗೆಯ ಬಳಿ ಹೇಳಿ, ಬಾಗಿಲಲ್ಲಿ ಹೇಳಿ, ಸಾಲದೆಂದು ಕಿಟಕಿಯ ಹೊರಗಿನಿಂದಲೂ ಹೇಳುತ್ತಿದ್ದೆ. ಅವನು ಕೈ ಎತ್ತುತ್ತಿದ್ದ. ಬರಬರುತ್ತ ಬೆರಳು ಮಾತ್ರ ಎತ್ತತೊಡಗಿದ.

ಒಂದು ಬುಧವಾರ ಫೋನ್ ಬಂತು. ಮಣ್ಣು ಮಾಡಿ ಬಂದ ಮೇಲೆ ಜನ ಯಾರ ಮುಖವನ್ನೂ ನೋಡದೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ನಾನೂ ಎದ್ದೆ. ಅಭ್ಯಾಸಬಲ ನೋಡಿ, ಹೊಸ್ತಿಲಲ್ಲಿ ತಿರುಗಿ ನಿಂತು ‘ಹೋಗಿಬರ್ತೀನಿ’ ಅಂದುಬಿಟ್ಟೆ.

ಹಿರಿಯರೊಬ್ಬರು ‘ಬಿಡ್ತು ಅನ್ನಿ ಸಾ’ ಎಂದು ನನ್ನ ತೋಳು ಹಿಡಿದು ಹೊರಗೆಳೆದರು. ನಾಚಿಕೆಯಿಂದ ಕುಗ್ಗಿಹೋದೆ. ಬೆಳಗಿನಿಂದ ಗೋಡೆಗೊರಗಿ ಕುಳಿತಿದ್ದ ರತ್ನಮ್ಮ ಆಗ ತಲೆಯೆತ್ತಿದರು.

‘ಬನ್ನಿ ಸಾ. ಇನ್ಮೇಲೆ ನಮ್ಮನೇಗೆ ಯಾರು ಬತ್ತಾರೆ?’

ಆ ಶನಿವಾರ ತಂಡದ ಜೀಪಿಗೆ ಆ ಬೀದಿಯಲ್ಲಿ ಕೆಲಸವಿರಲಿಲ್ಲ. ನಾನೊಬ್ಬನೇ ಇಳಿದು ನಡೆದೆ. ತೊಳೆಯಲು ಗಾಯವಿಲ್ಲ, ನಗಿಸಲು ರೋಗಿಯಿಲ್ಲ. ರತ್ನಮ್ಮ ಚಾಪೆ ಹಾಸಿ ಟೀ ಕೊಟ್ಟರು. ಸೇವೆಗೆ ಏನೂ ಉಳಿದಿಲ್ಲದ ಆ ಮನೆಯಲ್ಲಿ ಅಂದು ಮೊದಲ ಸಲ ನಾನು ನೆಂಟನಂತೆ ಕುಳಿತೆ.